ಮಾವನ ಮೂರನೇ ದಾರಿ

ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಎಂಬ ವಿದ್ಯೆ ಹುಟ್ಟಿದ್ದು ಹೊರದೇಶದಲ್ಲಿ ಎಂದು ನಮ್ಮ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಶುದ್ಧ ಸುಳ್ಳು! ಅದು ಹುಟ್ಟಿದ್ದು ಪಾಂಡವಪುರದಲ್ಲಿ, ನನ್ನ ಸೋದರಮಾವನ ಮನೆಯ ಜಗಲಿ ಮೇಲೆ. ಕಂಡವರ ಕಷ್ಟ ಕೇಳುವುದು, ಗಂಭೀರವಾಗಿ ತಲೆಯಾಡಿಸುವುದು, ಮೂರು ಬೆರಳೆತ್ತಿ "ಇದ್ಕೆ ಮೂರು ದಾರಿ ಅವೆ ಕಣಪ್ಪ" ಎನ್ನುವುದು. ಕನ್ಸಲ್ಟಿಂಗ್ ಅಂದರೆ ಇಷ್ಟೇ ತಾನೆ? ಕಂಪನಿಯವರು ಇದಕ್ಕೆ ಫೀಸು ತೆಗೆದುಕೊಳ್ಳುತ್ತಾರೆ. ಮಾವ ಪುಕ್ಕಟೆ ಹೇಳುತ್ತಿದ್ದರು, ಅದೂ ಯಾರೂ ಕೇಳದೆ.

ಮೊದಲೆರಡು ದಾರಿ ಕಷ್ಟಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ಮೂರನೆಯದು ಮಾತ್ರ ಯಾವಾಗಲೂ ಒಂದೇ: "ಇಲ್ಲಾಂದ್ರೆ ಸುಮ್ಕಿದ್ಬುಡದು." ಹೆಂಡತಿ ತವರಿಗೆ ಹೋಗಿ ಕೂತವನಿಗೂ ಅದೇ, ಹಲ್ಲುನೋವಿನವನಿಗೂ ಅದೇ!

ಇದು ತೊಂಬತ್ತರ ದಶಕದ ಮಾತು. ಎಂ.ಬಿ.ಎ. ಓದುತ್ತಿದ್ದ ನಾನು ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದ್ದೆ. ಇಂಟರ್ನ್ ಅಂದರೆ ಏನು? ಟೈ ಕಟ್ಟಿಕೊಂಡ ಜೀತದಾಳು. ಪಶು ಆಹಾರದ ಕಂಪನಿಯೊಂದಕ್ಕೆ ತನ್ನ ಮಾಲು ನಮ್ಮ ಕಡೆ ಯಾಕೆ ಖರ್ಚಾಗುತ್ತಿಲ್ಲ ಎಂದು ತಿಳಿಯಬೇಕಿತ್ತು. "ನಿಮ್ಮ ಊರ ಕಡೆಯೇ ಅಲ್ಲವಾ" ಎಂದು ನನ್ನನ್ನು ಅಟ್ಟಿದರು. ಚೆನ್ನಾಗಿ ಮಾಡಿದರೆ ಕೊನೆಗೆ ಸಂದರ್ಶನ, ಅದರಲ್ಲಿ ಗೆದ್ದರೆ ಕಾಯಂ ಕೆಲಸ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಅಪ್ಪ ಇಲ್ಲದ ನನ್ನನ್ನು ಓದಿಸಿದವರು ಈ ಮಾವನೇ. ಇನ್ನೂ ಅವರಿಗೆ ಭಾರವಾಗಿರಲು ನನಗೆ ಮನಸ್ಸಿರಲಿಲ್ಲ.

ಮಾವನ ಮನೆಯಲ್ಲಿ ಠಿಕಾಣಿ ಹೂಡಿ ದಿನಾ ಕೆ.ಆರ್. ಪೇಟೆ, ನಾಗಮಂಗಲ ಅಂತ ಸುತ್ತಿದೆ. ಬಿಸಿಲು, ಧೂಳು, ಸೀಟು ಸಿಗದ ಬಸ್ಸು. ಯಾಕಪ್ಪಾ ಬೇಕಿತ್ತು ಈ ಓದು ಅನ್ನಿಸುತ್ತಿತ್ತು. ಸಾಲದ್ದಕ್ಕೆ ಜೊತೆಗೆ ಮಾವ! "ಒಬ್ನೇ ಓಗಿ ಏನ್ ಕಡ್ದು ಕಟ್ಟೆ ಆಕ್ತೀಯ, ನಾನೂ ಬತ್ತೀನಿ ಕಣ್ಲಾ" ಎಂದು ಛತ್ರಿ ಹಿಡಿದು ಹೊರಟೇಬಿಟ್ಟರು.

ಮಾಕವಳ್ಳಿಗೆ ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ "ಯಾವ ಬಸ್ಸು ಹತ್ತೋಣ ಮಾವ?" ಎಂದೆ. ಕೇಳಬಾರದಿತ್ತು. ಬೆರಳು ಮೂರೂ ಎದ್ದವು. "ಚಿನಕುರಳಿ ಮ್ಯಾಲೆ ಓಗದು ಒಂದು, ಮೇಲುಕೋಟೆ ಸುತ್ಕಂಡು ಓಗದು ಇನ್ನೊಂದು..." ಅಷ್ಟರಲ್ಲಿ ಚಿನಕುರಳಿ ಬಸ್ಸು ನಮ್ಮ ಮುಂದೆಯೇ ಹೊರಟುಹೋಯಿತು, ಅದರ ಹಿಂದೆಯೇ ಮೇಲುಕೋಟೆಯದೂ. ಉಳಿದದ್ದು ಮೂರನೆಯದೇ. ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತೆವು.

ದೇವಲಾಪುರದಲ್ಲಿ ಒಬ್ಬ ಹೆಂಗಸು ಎಮ್ಮೆ ಹಾಲು ಕರೆಯಲು ಕೂತಿದ್ದರು. "ಏನು ತಿಂಡಿ ಹಾಕ್ತೀರಕ್ಕ ಎಮ್ಮೆಗೆ?" ಎಂದು ನಾನು ಕೇಳುವುದೇ ತಡ, ಮಾವ ನುಗ್ಗಿದರು. "ನೋಡವ್ವ, ಆಲು ಜಾಸ್ತಿ ಆಗಾಕೆ ಮೂರು ದಾರಿ ಅವೆ..."

"ಅಣ್ಣೋ, ನಿಮ್ ಗಂಟ್ಲು ಕೇಳಿ ಎಮ್ಮೆ ಸೊರೆನೇ ಬುಡ್ತಿಲ್ಲ, ಆಲೇ ಇಳೀತಿಲ್ಲ. ವಸಿ ಸುಮ್ಕಿದ್ಬುಡಿ!"

"ಅದೇ ಕಣವ್ವ ಮೂರ್ನೇ ದಾರಿ!" ಎಂದು ಮಾವ ಹಿಗ್ಗಿಹೋದರು.

ಸಂದರ್ಶನದ ತಾಲೀಮು ಕೊಟ್ಟವರೂ ಅವರೇ. ಮೇಲೆ ಮದುವೆಯ ಕೋಟು, ಕೆಳಗೆ ಪಟ್ಟೆ ಚಡ್ಡಿ! ಮಂಚದ ಮೇಲೆ ಕೂತು "ಒಳೀಕ್ ಬಾಪ್ಪ" ಎಂದರು. "ನಮ್ ಸ್ಕೂಟ್ರು ಸ್ಟಾರ್ಟ್ ಆಯ್ತಿಲ್ಲ. ಏನ್ ಪರಿಹಾರ?" ನಾನು ಕಲಿತ ಪ್ರಕಾರ ಸಮಸ್ಯೆಯನ್ನು ಎಂಜಿನ್ನು, ಚಾಲಕ, ರಸ್ತೆ ಎಂದು ಪಾಲು ಮಾಡತೊಡಗಿದೆ. ಅಡುಗೆಮನೆಯಿಂದ ಅತ್ತೆ ಕೂಗಿದರು: "ಮೊದ್ಲು ಪೆಟ್ರೋಲ್ ಆಕ್ಸಿ!"

"ತಗಾ, ನಿಮ್ಮತ್ತೆಗೆ ಕೆಲ್ಸ ಸಿಕ್ತು" ಎಂದರು ಮಾವ. ಆಮೇಲೆ ಕೋಟು ಬಿಚ್ಚುತ್ತಾ, "ಅಲ್ಲೂ ಮೂರು ದಾರಿ ಯೋಳು ಕಣ್ಲಾ. ಮೂರ್ನೇದ ಮಾತ್ರ ಮರೀಬ್ಯಾಡ" ಎಂದರು.

ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋಗುವ ಹೊತ್ತಿಗೆ ಅಲೆದು ಅಲೆದು ನನ್ನ ತಲೆ ಖಾಲಿಯಾಗಿತ್ತು. "ಈ ಪಶು ಆಹಾರದ ಕಂಪನಿ ಈಗೇನು ಮಾಡಬೇಕು?" ಎಂದು ಸಂಸ್ಥೆಯ ಹಿರಿಯರೊಬ್ಬರು ಕೇಳಿದರು. "ಮೂರು ದಾರಿ ಇವೆ ಸಾರ್. ಸಣ್ಣ ಮೂಟೆ ಮಾಡುವುದು, ಹಳ್ಳಿಯ ಹಾಲಿನ ಡೈರಿಗಳಲ್ಲಿ ಮಾರುವುದು..." ಅಲ್ಲಿಗೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ನೋಡಿದರೆ ನನ್ನ ಮೂರು ಬೆರಳು ಗಾಳಿಯಲ್ಲಿದ್ದವು! "ಮೂರನೆಯದು, ಸುಮ್ಮನಿದ್ದುಬಿಡುವುದು" ಎಂದೆ.

"ಸುಮ್ಮನಿರಿ ಅನ್ನೋದಕ್ಕೆ ನಮಗೆ ಯಾರಪ್ಪ ಫೀಸು ಕೊಡ್ತಾರೆ?" ಎಂದರು ಅವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆಗೆ ಕೆಲಸ ಬೇರೆಯವನಿಗೆ ಹೋಯಿತು.

ಮರುದಿನ ಮಧ್ಯಾಹ್ನ ಪಾಂಡವಪುರದಲ್ಲಿ ಇಳಿದಾಗ ಮಾವ ಅದೇ ಕಲ್ಲುಬೆಂಚಿನ ಮೇಲೆ ಕಾದಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಪಕ್ಕದಲ್ಲಿ ಕೂತೆ. ಈಗ ಬೆರಳು ಏಳುತ್ತವೆ ಅಂದುಕೊಂಡೆ. ಏಳಲಿಲ್ಲ. ಛತ್ರಿಯ ಹಿಡಿ ತಿರುವುತ್ತಾ ಮೆಲ್ಲಗೆ ಕೇಳಿದರು:

"ನಾನ್ ಯೋಳ್ಕೊಟ್ಟಿದ್ದ ಯೋಳ್ಬುಟ್ಯೇನ್ಲಾ?"

"ಇಲ್ಲ ಮಾವ. ಗಾಬರೀಲಿ ಮರ್ತೇಬಿಟ್ಟೆ. ಹೇಳಿದ್ರೆ ಕೆಲಸ ಸಿಕ್ಕಿರೋದು."

ಮಾವ ನನ್ನನ್ನೇ ನೋಡಿದರು. ಕಣ್ಣು ತುಂಬಿಕೊಂಡಿತ್ತು. "ಸುಳ್ಳು ಯೋಳಾಕೂ ಬರಾಕಿಲ್ವಲ್ಲೋ ನಿಂಗೆ."

"ಮುಂದೇನು ಮಾವ?"

"ಗೊತ್ತಾಯ್ತಿಲ್ಲ ಕಣ್ ಮಗ." ಅವರ ಬಾಯಲ್ಲಿ ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ನಡಿ, ನಿಮ್ಮತ್ತೆ ಉಣ್ದೆ ಕಾಯ್ತಾವ್ಳೆ."

ನನ್ನ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು, ತಾವು ಬಿಸಿಲಲ್ಲೇ ನಡೆಯುತ್ತಾ, ಮನೆ ಬರುವವರೆಗೂ ಸುಮ್ಮನಿದ್ದರು.