ವರ್ಲಿನ್‌ನ ಸಾವಿರದೈನೂರು ಕುದುರೆ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆಲ್ಲ ಪೈಕ್ ಹಾಲೋ ಊರಿನಲ್ಲಿ ಐಸ್ ಖಾಲಿಯಾಗಿತ್ತು. ಪೆಟ್ರೋಲ್ ಬಂಕಿನ ಹೊರಗಿದ್ದ ಐಸ್ ಪೆಟ್ಟಿಗೆಯೊಳಗೆ ವರ್ಲಿನ್ ಯುಟ್ಜಿ ಸೊಂಟದವರೆಗೂ ಬಗ್ಗಿ ಹುಡುಕಿದ. ಸಿಕ್ಕಿದ್ದು ಒಂದು ಹರಿದ ಪ್ಲಾಸ್ಟಿಕ್ ಚೀಲ.

ಬೇರೆಯವರಿಗೆ ಐಸ್ ಸಿಗದಿದ್ದರೆ ನಿಂಬೆ ಪಾನಕ ಬೆಚ್ಚಗಾಗುತ್ತದೆ, ಅಷ್ಟೇ. ವರ್ಲಿನ್‌ಗೆ ಮೂರು ಚಳಿಗಾಲಗಳ ದುಡಿಮೆ ನೀರಾಗುತ್ತಿತ್ತು. ಹಗಲು ಹೊತ್ತು ಶಾಲಾ ಬಸ್ಸುಗಳ ರಿಪೇರಿ ಮಾಡುವ ಈ ಮನುಷ್ಯ ಸಂಜೆ ಗ್ಯಾರೇಜು ಸೇರಿ ತನ್ನ ಪಿಕಪ್ಪಿಗೆ ಡೀಸೆಲ್ ಎಂಜಿನ್ ಒಂದನ್ನು ಕಟ್ಟಿದ್ದ. ಅದಕ್ಕೆ ಎರಡು ಟರ್ಬೊ. ದೊಡ್ಡದು ಒಳ್ಳೆಯ ಸಿಹಿಗುಂಬಳದ ಗಾತ್ರ. ಟರ್ಬೊ ಒತ್ತಿ ಕಳಿಸುವ ಗಾಳಿ ಕಾದು ಕೆಂಡವಾಗುತ್ತದೆ. ಅದನ್ನು ತಣಿಸಲು ಪಿಕಪ್ಪಿನ ಹಿಂದೊಂದು ತೊಟ್ಟಿ, ಅದರ ತುಂಬ ಐಸ್ ನೀರು. ಐಸ್ ಇಲ್ಲದೆ ಓಡಿಸಿದರೆ ಇನ್ನೂರು ಕುದುರೆಗಳ ಬಲ ಹಾಗೇ ಮಾಯ.

ಶಕ್ತಿ ಅಳೆಯುವ ಡೈನೋ ಯಂತ್ರ ವರ್ಷಕ್ಕೊಮ್ಮೆ ಮಾತ್ರ ಊರಿಗೆ ಬರುತ್ತಿತ್ತು. ಅದು ಇವತ್ತು ಮಧ್ಯಾಹ್ನ ಎರಡು ಗಂಟೆಗೆ, ಹಿಟ್ಟಿನ ಗಿರಣಿಯ ಅಂಗಳಕ್ಕೆ ಬರುವುದಿತ್ತು.

ಇದರಲ್ಲಿ ವರ್ಲಿನ್‌ನ ಮಾತೂ ಸಿಕ್ಕಿಕೊಂಡಿತ್ತು. ಮೂರು ವರ್ಷದ ಹಿಂದೆ ಚರ್ಚಿನ ಸಹಭೋಜನದಲ್ಲಿ, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು, ನಲವತ್ತು ಜನರ ಎದುರಿಗೆ ಹೆಂಡತಿಗೆ ಹೇಳಿಬಿಟ್ಟಿದ್ದ: "ಸಾವಿರದೈನೂರು ಕುದುರೆ ಬಂದ ದಿನ ಎಂಜಿನ್ ಸಹವಾಸ ಬಿಟ್ಟೆ ಆರ್ಡಿತ್. ಇಡೀ ಗ್ಯಾರೇಜು ನಿಂದೇ."

"ಅದರೊಳಗಿರೋದೂ?" ಎಂದಿದ್ದಳು ಆರ್ಡಿತ್.

"ಒಂದು ಬೋಲ್ಟೂ ಬಿಡದ ಹಾಗೆ."

ಆರ್ಡಿತ್‌ಳ ಕೌದಿಗಳೆಂದರೆ ಮೂರು ತಾಲ್ಲೂಕಿಗೆ ಹೆಸರು. ಪಾಪ, ಕೌದಿ ಹೊಲಿಯುವ ಚೌಕಟ್ಟನ್ನು ಊಟದ ಮನೆಯಲ್ಲಿ ಮಡಚಿ ಬಿಚ್ಚಿ ಸಾಕಾಗಿದೆ, ಅದಕ್ಕೇ ಜಾಗ ಕೇಳುತ್ತಾಳೆ ಎಂದುಕೊಂಡಿದ್ದ ವರ್ಲಿನ್.

ಬಂಕಿನಿಂದ ಅವನು ಜೋಲು ಮುಖ ಹೊತ್ತು ಹೊರಬರುವಷ್ಟರಲ್ಲಿ ಪಕ್ಕದ ಮನೆಯ ಡೆಲ್ಬರ್ಟ್ ಕ್ರಾಫ್ ಎದುರಾದ. ನಿವೃತ್ತನಾದ ಮೇಲೆ ಊರಿನವರ ಕೆಲಸವನ್ನೆಲ್ಲ ತನ್ನದೇ ಮಾಡಿಕೊಂಡ ಮುದುಕ.

"ಏನಯ್ಯಾ ವರ್ಲಿನ್, ಎಷ್ಟು ಕುದುರೆ ಬರುತ್ತೆ? ನಂಗೊಬ್ಬನಿಗೆ ಹೇಳು, ಯಾರಿಗೂ ಹೇಳಲ್ಲ."

"ನಂಗೇ ಗೊತ್ತಿಲ್ಲ ಡೆಲ್ಬರ್ಟಣ್ಣ. ಮೊದ್ಲು ಐಸ್ ಎಲ್ಲಿ ಸಿಗುತ್ತೆ ಹೇಳು."

"ಐಸಾ? ಬೆಳಗಾಗೋದರೊಳಗೆ ವಿಲ್ಮಾ ಎಲ್ಲಾ ಬಾಚ್ಕೊಂಡು ಹೋದ್ಲಲ್ಲ. ಚರ್ಚಿನಲ್ಲಿ ಇವತ್ತು ಐಸ್ ತುಂಬಿದ ಬಕೆಟ್ಟಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡ್ತಾರೆ."

ಇಬ್ಬರೂ ಚರ್ಚಿಗೆ ಓಡಿದರು. ವಿಲ್ಮಾ ಶ್ರಾಕ್ ಮರದ ಬಕೆಟ್ಟುಗಳ ನಡುವೆ ಸೇನಾಪತಿಯಂತೆ ನಿಂತಿದ್ದಳು.

"ನೂರಿಪ್ಪತ್ತು ಜನ ಐಸ್‌ಕ್ರೀಮ್‌ಗೆ ಬರ್ತಾರೆ. ನಿನ್ನ ಹೊಗೆ ಗಾಡಿಗೆ ಐಸ್ ಕೊಟ್ಟು ಅವರಿಗೆ ಬಿಸಿ ಹಾಲು ಕುಡಿಸ್ಲಾ?"

"ಅರ್ಧ ಕೊಡಿ ವಿಲ್ಮಕ್ಕ. ಕಾಲು ಭಾಗನಾದ್ರೂ!"

ವಿಲ್ಮಾ ಸುತ್ತ ನೋಡಿ ದನಿ ತಗ್ಗಿಸಿದಳು. "ಅದಿರ್ಲಿ, ಎಷ್ಟು ಬರಬಹುದು?"

ಊರಿನಲ್ಲಿ ಈ ಪ್ರಶ್ನೆ ಕೇಳದವರೇ ಇರಲಿಲ್ಲ. ಪಾದ್ರಿಗಳು ಕೇಳಿದ್ದರು, ಹಲ್ಲಿನ ಡಾಕ್ಟರು ವರ್ಲಿನ್‌ನ ಬಾಯೊಳಗೆ ಎರಡು ಕೈ ಇಟ್ಟುಕೊಂಡೇ ಕೇಳಿದ್ದರು. ಕುತೂಹಲಕ್ಕೆ ವಿಲ್ಮಾಳೂ ಸೋತಳು. ಐಸ್ ಕೊಡಲಿಲ್ಲ; ಬದಲಿಗೆ ಚರ್ಚಿನ ಫ್ರೀಜರಿನಲ್ಲಿ ಇಟ್ಟಿಗೆಯಂತೆ ಹೆಪ್ಪುಗಟ್ಟಿದ್ದ ಹನ್ನೆರಡು ಚೀಲ ಸ್ಟ್ರಾಬೆರಿ ರಸ ಕೊಟ್ಟಳು. ಸುದ್ದಿ ಹಬ್ಬಿತು. ಡೆಲ್ಬರ್ಟ್ ಮನೆಮನೆಯ ಬಾಗಿಲು ಬಡಿದು, ಹೆಪ್ಪುಗಟ್ಟಿದ ಬಟಾಣಿ, ಜಿಂಕೆ ಮಾಂಸ, ಯಾರದೋ ಮಂಡಿನೋವಿನ ಐಸ್ ಚೀಲ, ಹೀಗೆ ಸಿಕ್ಕಿದ್ದನ್ನೆಲ್ಲ ಒಂದು ದೊಡ್ಡ ಪೆಟ್ಟಿಗೆಗೆ ತುಂಬಿಸಿಕೊಂಡು ಬಂದ.

ಎರಡು ಗಂಟೆಗೆ ಗಿರಣಿಯ ಅಂಗಳದಲ್ಲಿ ಬಿಸಿಲು ಕೆಂಡದಂತೆ ಸುರಿಯುತ್ತಿತ್ತು. ಡೈನೋ ಯಂತ್ರದ ಥರ್ಮನ್ ಪಿಕಪ್ಪಿನ ಹಿಂದಿನ ಗಾಲಿಗಳನ್ನು ಕಬ್ಬಿಣದ ಉರುಳೆಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಸರಪಳಿ ಬಿಗಿದ. ವರ್ಲಿನ್ ಸ್ಟ್ರಾಬೆರಿ ಇಟ್ಟಿಗೆಗಳನ್ನು ಚೀಲದಿಂದ ಬಿಡಿಸಿ ತೊಟ್ಟಿಗೆ ಸುರಿದ. ಮಿಕ್ಕ ಪೆಟ್ಟಿಗೆಯನ್ನು ಡೆಲ್ಬರ್ಟ್ ಥರ್ಮನ್‌ನ ಮೇಜಿನ ಪಕ್ಕ, ನೆರಳಿನಲ್ಲಿಟ್ಟ.

ಆರ್ಡಿತ್ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದಳು. "ಈ ದೊಡ್ಡ ಟರ್ಬೊ ಎಚ್ಚರಾಗೋದು ಇಷ್ಟು ತಡ ಯಾಕೆ?"

"ಅದೆಲ್ಲ ನಿಂಗೆ ಅರ್ಥ ಆಗಲ್ಲ, ಬಿಡು. ಹಿಂದೆ ನಿಂತ್ಕೋ, ನೀರಿನ ಹನಿ ಹಾರುತ್ತೆ."

"ನೀರಾ? ಕೆಂಪಗಿದೆಯಲ್ಲ?"

ವರ್ಲಿನ್ ತಿರುಗಿ ನೋಡಿದ. ತೊಟ್ಟಿಯ ಕೊಳವೆಯೊಂದು ಸಡಿಲಗೊಂಡು ಪಿಕಪ್ಪಿನ ಕೆಳಗೆ ಕೆಂಪಗೆ ಹರಿಯುತ್ತಿತ್ತು.

"ಅಯ್ಯೋ, ಎಂಜಿನ್ನಿಗೆ ರಕ್ತ ಬರ್ತಿದೆ!" ಎಂದು ಡೆಲ್ಬರ್ಟ್ ಕೂಗಿದ. ಜನ ಮುನ್ನುಗ್ಗಿದರು. ಯಾರದೋ ನಾಯಿ ನುಸುಳಿ ಬಂದು ನೆಲ ನೆಕ್ಕತೊಡಗಿತು. ಕೊಳವೆ ಬಿಗಿಯಲು ಕೆಳಗೆ ತೂರಿದ ವರ್ಲಿನ್ ಹೊರಬಂದಾಗ ತಲೆಯಿಂದ ಸೊಂಟದವರೆಗೂ ಅಂಟಂಟು. ಜೇನುಹುಳುಗಳು ಅವನ ಹಿಂದೆ ಬಿದ್ದವು. ಅವುಗಳಿಂದ ತಪ್ಪಿಸಿಕೊಳ್ಳಲೆಂದೇ ಪಿಕಪ್ ಹತ್ತಿ ಬಾಗಿಲು ಹಾಕಿಕೊಂಡ.

"ತುಳಿ!" ಎಂದ ಥರ್ಮನ್.

ವರ್ಲಿನ್ ತುಳಿದ. ಎಂಜಿನ್ ಮೊದಲು ಗೊಣಗಿತು, ಆಮೇಲೆ ದೊಡ್ಡ ಟರ್ಬೊ ಎಚ್ಚರಗೊಂಡು ಕಿರುಚಿತು. ಹೊಗೆ ಕೊಳವೆಯಿಂದೆದ್ದ ಕಪ್ಪು ಹೊಗೆ ಗಿರಣಿಯ ಸೂರನ್ನು ನುಂಗಿತು. ನೆಲ ನಡುಗಿ ವಿಲ್ಮಾಳ ಕನ್ನಡಕ ಮೂಗಿನಿಂದ ಜಾರಿತು. ಹನ್ನೆರಡೇ ಸೆಕೆಂಡು. ಎಲ್ಲ ನಿಂತ ಮೇಲೆ ಥರ್ಮನ್ ಯಂತ್ರದ ಪರದೆ ನೋಡಿ ಕೂಗಿದ:

"ಸಾವಿರದ ನಾನೂರ ಅರವತ್ತಮೂರು!"

ಅಂಗಳದ ತುಂಬ ಒಂದು ನಿಟ್ಟುಸಿರು ಹಾದುಹೋಯಿತು. ಮೂವತ್ತೇಳು ಕುದುರೆ ಕಮ್ಮಿ! ವರ್ಲಿನ್ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತ.

ಹಾಗೆ ಕೂತಿದ್ದಾಗ ಅವನಿಗೊಂದು ವಿಚಿತ್ರ ಯೋಚನೆ ಬಂತು. ಸಾವಿರದೈನೂರು ಬರಲಿಲ್ಲ, ಅಂದರೆ ಗ್ಯಾರೇಜು ಇನ್ನೂ ತನ್ನದೇ. ಬರುವ ಚಳಿಗಾಲವೂ ತನ್ನದೇ. ಹೀಟರ್ ಹಚ್ಚಿಕೊಂಡು, ರೇಡಿಯೋ ಹಾಕಿಕೊಂಡು, ಇಂಜೆಕ್ಟರುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬಹುದು. ಸಾವಿರದೈನೂರು ಬಂದಿದ್ದರೆ ಸೋಮವಾರ ಸಂಜೆ ಏನು ಮಾಡುತ್ತಿದ್ದೆ ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಂತೋಷ ಮುಖದಲ್ಲಿ ಕಾಣದಿರಲೆಂದು ತುಟಿ ಕಚ್ಚಿ, ಕೆಳಗಿಳಿದ.

"ಬೇಜಾರು ಮಾಡ್ಕೋಬೇಡ ಕಣಯ್ಯಾ," ಎಂದು ಡೆಲ್ಬರ್ಟ್ ಬೆನ್ನು ತಟ್ಟಿದ. ಕೈ ಅಂಟಿಕೊಂಡಿತು.

"ಏನ್ಮಾಡೋದು, ಡೆಲ್ಬರ್ಟಣ್ಣ. ನಸೀಬು," ಎಂದು ವರ್ಲಿನ್ ಮೂಗೆಳೆದ. ಆರ್ಡಿತ್‌ಳತ್ತ ತಿರುಗಿ, "ಕ್ಷಮಿಸು. ನಿನ್ನ ಕೌದಿಗೆ ಇನ್ನೊಂದು ವರ್ಷ ಕಾಯ್ಬೇಕು," ಎಂದ. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಇವತ್ತು ಎಷ್ಟು ಸೆಖೆ ಇದೆ ಥರ್ಮನ್?" ಎಂದಳು ಇದ್ದಕ್ಕಿದ್ದಂತೆ.

"ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ."

"ನಿನ್ನ ಯಂತ್ರ ಅದೇ ಲೆಕ್ಕದಲ್ಲಿ ಮೂವತ್ತಾರು ಅಂತಿದೆಯಲ್ಲ? ಅದು ನೀರು ಹೆಪ್ಪುಗಟ್ಟೋ ಚಳಿ."

ಥರ್ಮನ್ ಪರದೆ ನೋಡಿದ, ಆಕಾಶ ನೋಡಿದ, ಮೇಜಿನಿಂದ ಇಳಿಬಿದ್ದಿದ್ದ ವಯರು ಹಿಡಿದು ಎಳೆದ. ಅದರ ತುದಿಯಲ್ಲಿದ್ದ ಉಷ್ಣಮಾಪಕ ಡೆಲ್ಬರ್ಟ್‌ನ ಪೆಟ್ಟಿಗೆಯೊಳಗಿನಿಂದ, ಬಟಾಣಿ ಚೀಲಗಳ ನಡುವಿನಿಂದ ಎದ್ದುಬಂತು.

"ಇದನ್ನ ಯಾರು ಒಳಗಿಟ್ಟಿದ್ದು?"

"ನಾನೇ," ಎಂದ ಡೆಲ್ಬರ್ಟ್ ಹೆಮ್ಮೆಯಿಂದ. "ದಾರೀಲಿ ಬಿದ್ದಿತ್ತು. ಯಾರಾದ್ರೂ ತುಳಿದಾರು ಅಂತ ಎತ್ತಿಟ್ಟೆ."

ಸೆಖೆಯಲ್ಲಿ ಎಂಥ ಎಂಜಿನ್ನೂ ಏದುಸಿರು ಬಿಡುತ್ತದೆ. ಅದಕ್ಕೇ ಬಿಸಿಲಿನ ದಿನ ಯಂತ್ರ ಲೆಕ್ಕಕ್ಕೆ ಒಂದಿಷ್ಟು ಸೇರಿಸುತ್ತದೆ, ಚಳಿಯ ದಿನ ಒಂದಿಷ್ಟು ಕಳೆಯುತ್ತದೆ. ಬಟಾಣಿಯ ನಡುವೆ ಮಲಗಿದ್ದ ಉಷ್ಣಮಾಪಕ ಜುಲೈ ತಿಂಗಳನ್ನು ಡಿಸೆಂಬರ್ ಎಂದು ತಿಳಿದಿತ್ತು. ಥರ್ಮನ್ ನಿಜವಾದ ಸೆಖೆಯನ್ನು ಹಾಕಿ ಗುಂಡಿ ಒತ್ತಿದ.

"ಇರಲಿ ಬಿಡು ಥರ್ಮನ್," ಎಂದ ವರ್ಲಿನ್ ಅವಸರವಸರವಾಗಿ. "ಬಂದದ್ದು ಬಂತು. ನಂಗೆ ತೃಪ್ತಿ ಇದೆ."

"ತೃಪ್ತಿಯಂತೆ! ಸಾವಿರದ ಐನೂರ ನಲವತ್ತೊಂದು ಕಣಯ್ಯಾ!"

ಅಂಗಳದಲ್ಲಿದ್ದವರೆಲ್ಲ ಕುಣಿದಾಡಿದರು. ವಿಲ್ಮಾ ಪಾದ್ರಿಗಳನ್ನು ತಬ್ಬಿಕೊಂಡಳು. ಡೆಲ್ಬರ್ಟ್ ಟೋಪಿ ಎಸೆದ. ಇಡೀ ಊರಿನಲ್ಲಿ ಇಂಗು ತಿಂದ ಮಂಗನಂತೆ ನಿಂತಿದ್ದವನು ಗೆದ್ದವನೊಬ್ಬನೇ.

ಆರ್ಡಿತ್ ಕೈ ಚಾಚಿದಳು. ನಲವತ್ತು ಜನ ಸಾಕ್ಷಿಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಇದ್ದರು. ವರ್ಲಿನ್ ಅಂಟುಗೈಯಿಂದಲೇ ಗ್ಯಾರೇಜಿನ ಕೀ ತೆಗೆದುಕೊಟ್ಟ.

"ನಾಳೇನೇ ಕೌದಿ ಚೌಕಟ್ಟು ಒಳಗೆ ಇಟ್ಟುಕೊಡ್ತೀನಿ," ಎಂದ ಕಮ್ಮಿ ದನಿಯಲ್ಲಿ.

"ಕೌದಿ ಊಟದ ಮನೇಲೇ ಇರ್ಲಿ. ಗ್ಯಾರೇಜಲ್ಲಿ ಎಣ್ಣೆ ಮೆತ್ತುತ್ತೆ." ಆರ್ಡಿತ್ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಥರ್ಮನ್‌ನ ಮೇಜಿನ ಮೇಲೆ ಹರಡಿದಳು. ಅದರ ತುಂಬ ಕೌದಿಯ ಕಸೂತಿಯಷ್ಟೇ ಅಚ್ಚುಕಟ್ಟಾಗಿ ಎಂಜಿನ್ನಿನ ಚಿತ್ರ. "ಒಂದು ದೊಡ್ಡ ಟರ್ಬೊ ಬದಲು ಎರಡು ಮಧ್ಯಮದ್ದು ಹಾಕಿದ್ರೆ ಬೇಗ ಎಚ್ಚರಾಗಲ್ವಾ? ಮೂರು ವರ್ಷ ಕಿಟಕೀಲಿ ನೋಡಿ ನೋಡಿ ನಂಗೆ ತಡೆಯಕ್ಕಾಗ್ತಿಲ್ಲ."

ಥರ್ಮನ್ ಚಿತ್ರ ನೋಡಿದ. ಸಿಳ್ಳೆ ಹಾಕಿದ.

ವರ್ಲಿನ್ ಹತ್ತಿರ ಸರಿದು, ಅವಳ ಭುಜದ ಮೇಲಿಂದ ಕಾಗದ ಇಣುಕಿದ. ಅವಳು ಅದನ್ನು ಮಡಚಿಬಿಟ್ಟಳು.

"ಆರ್ಡಿತ್, ಎಷ್ಟು ಕುದುರೆ ಬರಬಹುದು?"

"ಮುಂದಿನ ವರ್ಷ ಎಲ್ಲರ ಜೊತೆ ನೋಡು."

"ಮಧ್ಯೆ ಮಧ್ಯೆ ನಾನೂ ಗ್ಯಾರೇಜಿಗೆ ಬರಬಹುದಾ?"

ಆರ್ಡಿತ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬಾ. ಬರೋವಾಗ ಬಾಗಿಲು ತಟ್ಟಿ, ಕಾಲು ಒರೆಸ್ಕೊಂಡು ಬಾ."