ಅತ್ತೆ, ನಾನು ಮತ್ತು ಒಂದು ಸೌಟು ಬಿಸಿ ಮೇಣ

ನಮ್ಮ ಸೋದರತ್ತೆಗೆ ಅರವತ್ತು ದಾಟಿದ ಮೇಲೆ ಪ್ರೇಮಾಂಕುರವಾಗಿದೆ! ಗಾಬರಿಯಾಗಬೇಡಿ, ಪ್ರಿಯತಮನ ಹೆಸರು ಜೇನುಮೇಣ. ಒಲೆಯ ಮೇಲೆ ಕರಗುತ್ತಾನೆ, ಹಲಗೆಯ ಮೇಲೆ ಹೆಪ್ಪುಗಟ್ಟುತ್ತಾನೆ, ಬೈದರೆ ತಿರುಗಿ ಮಾತಾಡುವುದಿಲ್ಲ. ಅಂಥವನ ಜೊತೆ ನಾನು ಹೇಗೆ ಪೈಪೋಟಿ ನಡೆಸಲಿ? ನನ್ನ ಬಂಡವಾಳವೇ ಮಾತು!

ಮೊದಲು ಹೀಗಿರಲಿಲ್ಲ. ಅತ್ತೆ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನೌಕರಿಯುದ್ದಕ್ಕೂ ಬೇರೆಯವರ ವಾದ ಕೇಳಿ ಬಾಯಿ ಕಟ್ಟಿಕೊಂಡು ಅದುಮಿಟ್ಟಿದ್ದ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಪ್ರತಿ ಚರ್ಚಾಸ್ಪರ್ಧೆಯ ಹಿಂದಿನ ದಿನ ನಾನು ಹೂಟಗಳ್ಳಿಯಿಂದ ಸ್ಕೂಟರ್ ಹತ್ತಿ ಒಂಟಿಕೊಪ್ಪಲಿನ ಅವರ ಮನೆಗೆ ಹೋಗುವುದು, ಅವರು ಎದುರುಪಕ್ಷವಾಗಿ ನನ್ನನ್ನು ಹುರಿದು ಮುಕ್ಕುವುದು, ಇದು ನಮ್ಮ ಪದ್ಧತಿ. ನಾನು ಗೆದ್ದ ಕಪ್ಪುಗಳಲ್ಲಿ ಅರ್ಧ ಅವರ ಬೈಗುಳಕ್ಕೇ ಸೇರಬೇಕು.

ಈಗ? ಮೇಣದಲ್ಲಿ ಚಿತ್ರ ಬರೆಯುವ ಹುಚ್ಚು. ಕಾದ ದೋಸೆ ಹೆಂಚಿನ ಮೇಲೆ ಒಗ್ಗರಣೆ ಸೌಟುಗಳ ಸಾಲು. ಒಂದೊಂದರಲ್ಲೂ ಕರಗಿದ ಮೇಣ, ಅದಕ್ಕೊಂದು ಬಣ್ಣದ ಪುಡಿ. ಬ್ರಷ್ ಅದ್ದಿ ಹಲಗೆಗೆ ಬಳಿಯುವಷ್ಟರಲ್ಲಿ ಗಟ್ಟಿಯಾಗುವ ಬಣ್ಣವದು. ಹಾಗಾಗಿ ಅತ್ತೆ ಕಣ್ಣು ಕದಲಿಸುವಂತಿಲ್ಲ. ಕಾಲಿಂಗ್ ಬೆಲ್ ಬಡಿದುಕೊಳ್ಳಲಿ, ಗ್ಯಾಸ್ ಸಿಲಿಂಡರ್ ಬಂದು ವಾಪಸ್ ಹೋಗಲಿ, ಸ್ವಂತ ತಮ್ಮ, ಅಂದರೆ ನಮ್ಮಪ್ಪ, ಬಾಗಿಲಲ್ಲಿ ನಿಂತು ಕೆಮ್ಮಲಿ!

ಆ ಸೌಟುಗಳಲ್ಲೊಂದು ನಮ್ಮನೆಯದು. ಅದು ವಾಪಸ್ ಬಂದ ದಿನ ಅಮ್ಮ ಅದರಲ್ಲೇ ಒಗ್ಗರಣೆ ಹಾಕಿದಳು. ಸಾರಿನ ಮೇಲೆ ನೀಲಿ ಕೆನೆ! ಅಮ್ಮ ಫೋನಿನಲ್ಲಿ ಅಬ್ಬರಿಸಿದಳು.

"ಅತ್ಗೆ, ಸಾರೆಲ್ಲ ನೀಲಿಯಾಗ್ಬುಡ್ತು ಕಣ್ರೀ!"

ಆ ಕಡೆಯಿಂದ ಕ್ಷಮೆ ಬರುತ್ತದೆ ಎಂದುಕೊಂಡಿರಾ? ನಿಮಗೆ ನಮ್ಮತ್ತೆ ಗೊತ್ತಿಲ್ಲ.

"ಎಂಥ ನೀಲಿ? ಚೆಲ್ಲಬೇಡ ಕಣಮ್ಮ, ನಾನ್ ನೋಡ್ಬೇಕು, ಬಂದೆ!"

ಇನ್ನು ಸುಮ್ಮನಿದ್ದರೆ ಆಗದೆಂದು ನಾನೇ ವಾದಕ್ಕಿಳಿದೆ.

"ಜಲವರ್ಣ ಇದೆ, ಎಣ್ಣೆಬಣ್ಣ ಇದೆ. ಕೈ ಸುಟ್ಕೊಂಡು ಇದನ್ನೇ ಯಾಕೆ ಮಾಡ್ಬೇಕು ಅತ್ತೆ?"

"ಜಲವರ್ಣದಲ್ಲಿ ತಪ್ಪಿದ್ರೆ ಮುಗೀತು. ಎಣ್ಣೆಬಣ್ಣ ಒಣಗೋ ಹೊತ್ಗೆ ನಾನೇ ಒಣಗೋಗಿರ್ತೀನಿ. ಇದು ಗಟ್ಟಿಯಾದ್ರೂ ಶಾಖ ಕೊಟ್ರೆ ಮತ್ತೆ ಮೆತ್ತಗಾಗುತ್ತೆ. ಮೇಲ್ಮನವಿಗೆ ಅವಕಾಶ ಇರೋ ಬಣ್ಣ ಕಣೇ! ಒಳಗಿಂದ ಬೆಳಕು ಹೆಂಗ್ ಬರುತ್ತೆ ನೋಡು."

"ಆದ್ರೆ ಅತ್ತೆ..."

"ಶ್! ಗಟ್ಟಿಯಾಗ್ತಿದೆ!"

ತೀರ್ಪುಗಾರರ ಗಂಟೆಗೂ ಬಗ್ಗದ ನನ್ನ ಬಾಯನ್ನು ಒಂದು ಸೌಟು ಮುಚ್ಚಿಸಿತು! ಇನ್ನು ಆ ಬೆಳಕು? ಹಾಳಾದ್ದು, ನಿಜವಾಗಿಯೂ ಇತ್ತು. ಪದರದ ಮೇಲೆ ಪದರ, ಕುಕ್ಕರಹಳ್ಳಿ ಕೆರೆಯ ಸಂಜೆ ಒಳಗೆಲ್ಲೋ ಕುಳಿತು ಹೊಳೆಯುತ್ತಿತ್ತು. ಕೆಟ್ಟದಾಗಿದ್ದಿದ್ದರೆ ನನ್ನ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ.

ಕಳೆದ ತಿಂಗಳು ಅಂತರಕಾಲೇಜು ಸ್ಪರ್ಧೆಯ ಫೈನಲ್. ಪದ್ಧತಿಯಂತೆ ಹಿಂದಿನ ದಿನ ಹೋದೆ.

"ಹೇಳು, ಕೇಳಿಸ್ತಿದೆ," ಎಂದರು, ಬೆನ್ನು ತೋರಿಸಿಕೊಂಡೇ.

ವಿಷಯದ ಪರವಾಗಿ ಮಾತಾಡಿದೆ. "ಚೆನ್ನಾಗಿದೆ." ಪರೀಕ್ಷಿಸೋಣವೆಂದು ಅದೇ ಉಸಿರಿನಲ್ಲಿ ವಿರುದ್ಧವಾಗಿ ಮಾತಾಡಿದೆ. "ಇದೂ ಚೆನ್ನಾಗಿದೆ." ಶಿರಸ್ತೇದಾರರೇ, ಇದ್ಯಾವ ನ್ಯಾಯ?

ಮೇಣದ ಮೇಲೆ ದೋಷಾರೋಪಣೆ ಶುರುಮಾಡಲು ಬಾಯಿ ತೆರೆದೆ. ಅಂಶಗಳೆಲ್ಲ ಸಿದ್ಧವಾಗಿದ್ದವು. ಹೊರಬಂದದ್ದೇ ಬೇರೆ.

"ಅತ್ತೆ, ನಾಳೆ ನಾನು ಸೋಲ್ತೀನಿ. ಭಯ ಆಗ್ತಿದೆ."

ಬ್ರಷ್ ನಿಂತಿತು. ಅತ್ತೆ ತಿರುಗಿದರು. ಒಲೆ ಆರಿಸಿ, ಸೆರಗು ಸಿಕ್ಕಿಸಿಕೊಂಡು ನನ್ನೆದುರು ಕುರ್ಚಿ ಎಳೆದು ಕೂತರು. ಅವರ ಹಿಂದೆ, ಅರ್ಧ ಬಳಿದ ಹಲಗೆಯಲ್ಲಿ, ಮರೆತ ಬ್ರಷ್ ಬಣ್ಣದ ಜೊತೆಗೇ ಕಚ್ಚಿಕೊಂಡು ಗಟ್ಟಿಯಾಗುತ್ತಿತ್ತು. ನಾನು ಇಷ್ಟು ದಿನ ಬಯಸಿದ್ದು ಇದನ್ನೇ ಅಲ್ಲವೇ? ಆದರೂ ತಡೆಯಲಾಗಲಿಲ್ಲ.

"ಅತ್ತೆ, ಬ್ರಷ್ಷು! ಮೊದ್ಲು ಅದನ್ನ ಬಿಡಿಸಿ."

"ಬುಡೇ ಅದನ್ನ," ಎಂದು ಅವರು ನನ್ನೆರಡೂ ಕೈಗಳನ್ನು ಮೇಣ ಮೆತ್ತಿದ ತಮ್ಮ ಬಿಸಿ ಅಂಗೈಗಳ ನಡುವೆ ಎಳೆದುಕೊಂಡರು. "ಯಾಕೆ ಹಿಂಗ್ ತಣ್ಣಗಾಗಿದೀಯಾ?"