ಕತ್ತಿನೊಳಗಿನ ಸೋಮಾರಿ ದೊರೆಗೆ, ಹೊಲಿಗೆಯಂಗಡಿಯಿಂದ

ನನ್ನ ಕತ್ತಿನ ಮುಂಭಾಗದಲ್ಲಿ ಬಾಡಿಗೆಯಿಲ್ಲದೆ ಬಿಜಯಂಗೈದಿರುವ ಥೈರಾಯ್ಡ್ ಗ್ರಂಥಿ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವಿದ್ದೀರೆಂಬುದನ್ನೇ ಅರಿಯದೆ ಇಷ್ಟು ವರ್ಷ ಬಾಳಿದ್ದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಒಂದು ಹಳೇ ಮಿಷನ್ನಿನಿಂದ ಶುರುಮಾಡಿ ಅಂಗಡಿ ಕಟ್ಟಿದವಳು ನಾನು. ಮೈಗಳ್ಳರನ್ನು ಬಾಗಿಲಲ್ಲೇ ಗುರುತಿಸುತ್ತೇನೆಂಬ ಜಂಬ ಬೇರೆ. ನನ್ನ ಕತ್ತಿನಲ್ಲೇ ಒಬ್ಬರು ರಜೆಚೀಟಿಯನ್ನೂ ಕೊಡದೆ ಕೈಕಟ್ಟಿ ಕೂತಿದ್ದಾರೆಂದು ಹೊಳೆಯಲೇ ಇಲ್ಲ.

ತಮ್ಮ ವಿಶ್ರಾಂತಿಯ ಫಲವನ್ನು ಚೆನ್ನಾಗಿಯೇ ಉಂಡೆ. ರಾತ್ರಿಯಿಡೀ ಮಲಗಿ ಎದ್ದರೂ ರಾತ್ರಿಯಿಡೀ ಮಿಷನ್ ತುಳಿದವಳ ಸುಸ್ತು. ಊಟ ಮೊದಲಿನಷ್ಟೇ, ಮೈ ಮಾತ್ರ ಬಡ್ಡಿಯ ಹಾಗೆ ಬೆಳೆಯಿತು. ಬೇರೆಯವರಾಗಿದ್ದರೆ ಬಟ್ಟೆ ಬಿಗಿಯಾದಾಗಲೇ ಎಚ್ಚೆತ್ತುಕೊಳ್ಳುತ್ತಿದ್ದರು. ದರ್ಜಿಯ ಹಣೆಬರಹ ನೋಡಿ, ಹೊಲಿಗೆಯೊಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟೇ ಇರುತ್ತೇವಲ್ಲ, ಬಿಗಿಯಾದಾಗಲೆಲ್ಲ ಬಿಚ್ಚಿ ಸಡಿಲಿಸಿಕೊಂಡೆ. ಕಾಯಿಲೆ ತಮ್ಮ ಕೊಡುಗೆ, ಅದಕ್ಕೆ ಜಾಗ ಮಾಡಿಕೊಟ್ಟ ಕತ್ತರಿ ನನ್ನದು.

ಆಮೇಲೆ ಚರ್ಮ ಗಂಜಿ ಹಾಕಿದ ಬಟ್ಟೆಯಂತೆ ಒರಟಾಯಿತು. ಬಾಚಣಿಗೆಯಲ್ಲಿ ದಿನಕ್ಕೊಂದು ದಾರದುಂಡೆಯಷ್ಟು ಕೂದಲು. ಹೊಟ್ಟೆ ತನ್ನ ಬೆಳಗಿನ ವ್ಯವಹಾರವನ್ನೇ ಮುಂದೂಡತೊಡಗಿತು. ದನಿ ಎಷ್ಟು ಗಡಸಾಯಿತೆಂದರೆ ಫೋನಿನಲ್ಲಿ ಗಿರಾಕಿಗಳು “ಅಣ್ಣಾ, ಸ್ವಲ್ಪ ಅಕ್ಕಂಗೆ ಕೊಡಿ” ಎನ್ನುತ್ತಿದ್ದರು. ಮರೆವು ಬಂದು ಒಬ್ಬ ಗುಮಾಸ್ತರ ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿದ ದಿನ ಯಜಮಾನರು ತೀರ್ಪು ಕೊಟ್ಟರು: “ಸೋಮಾರಿತನಕ್ಕೆ ಔಷಧಿ ಇಲ್ಲ ಕಣೆ.” ನಾದಿನಿ ಕರುಣಾಮಯಿ, “ಸಾಕು ಬಿಡಿ ಅತ್ತಿಗೆ, ಅಂಗಡಿ ನಾನು ನೋಡ್ಕೋತೀನಿ” ಅಂದಳು. ಮನಸ್ಸೂ ಮಂಕಾಗಿತ್ತು ನೋಡಿ, ಬರುವ ತಿಂಗಳಿಂದ ಬೀಗದ ಕೈ ನಿನ್ನದೇ ಎಂದು ಒಪ್ಪಿಬಿಟ್ಟೆ.

ಸುಡುಬೇಸಗೆಯಲ್ಲಿ ಫ್ಯಾನ್ ಆರಿಸಿ ಶಾಲು ಹೊದ್ದು ಕೂರುತ್ತಿದ್ದ ನನಗೆ ಬೀಳ್ಕೊಡುಗೆಯೆಂದು ಕತ್ತುಮುಚ್ಚುವ ಕೋಟು ಹೊಲಿಯಲು ಅವಳೇ ಟೇಪು ಹಿಡಿದಳು. ಊರ ಕತ್ತನ್ನೆಲ್ಲ ಅಳೆದವಳ ಕತ್ತನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ. “ಅಯ್ಯೋ ಅತ್ತಿಗೆ, ಇದೇನು ಇಲ್ಲಿ ಊದಿಕೊಂಡಿದೆ? ಕಾಲರ್ ಕೂರೋದೇ ಇಲ್ವಲ್ಲ!” ಅವಳ ಚಿಂತೆ ಕಾಲರಿನದು. ನನ್ನನ್ನು ಡಾಕ್ಟರಮ್ಮನ ಬಳಿಗೆ ಅಟ್ಟಿದ್ದು ಆ ಕಾಲರೇ.

ಅವರು ನಿಧಾನಗತಿಯ ನಾಡಿ ಹಿಡಿದು, ರಕ್ತ ಪರೀಕ್ಷೆ ಮಾಡಿಸಿ, ತಮ್ಮ ಘನತೆಯನ್ನು ತಿಳಿಸಿಕೊಟ್ಟರು. ಮೆದುಳಿನ ಬುಡದಲ್ಲಿ ಕೂತ ಪಿಟ್ಯುಟರಿ ಎಂಬ ಮೇಲಧಿಕಾರಿಗಳು ಗಂಟಲು ಹರಿಯುವಂತೆ ಕೂಗಿ ಆಜ್ಞೆ ಕಳಿಸುತ್ತಿದ್ದರೂ ತಾವು ಅಲ್ಲಾಡುತ್ತಿಲ್ಲವಂತೆ! ಇಂಥ ಸ್ಥಿತಪ್ರಜ್ಞತೆಯನ್ನು ನಾನು ಕಚೇರಿಗಳಲ್ಲಿ ಕಂಡಿದ್ದೆ, ಕತ್ತಿನಲ್ಲಿ ಕಂಡಿರಲಿಲ್ಲ. ಈಗ ತಮ್ಮ ಬದಲಿಗೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ ಹಾಜರಿ ಹಾಕುತ್ತದೆ. ವಾರಗಳು ಕಳೆದಂತೆ ಶಾಲು ಇಳಿಯಿತು, ಕತ್ತರಿ ನೆಟ್ಟಗೆ ಓಡಿತು. ಬೀಗದ ಕೈ ನನ್ನಲ್ಲೇ ಉಳಿಯಿತು.

ಆದಕಾರಣ ತಾವು ದಯವಿಟ್ಟು ನನ್ನ ಕೂದಲನ್ನು ಉದ್ದ ಸಮೇತ ಹಿಂದಿರುಗಿಸಬೇಕು. ಎರಡೂ ಎಡಗೈ ಇರುವ ಒಬ್ಬ ಗಿರಾಕಿಯನ್ನು ಹುಡುಕಿ ಕಳಿಸಬೇಕು. “ಈಕೆ ಸೋಮಾರಿಯಲ್ಲ, ಸೋಮಾರಿ ನಾನು” ಎಂದು ಯಜಮಾನರ ಹೆಸರಿಗೆ ಮೊಹರು ಹಾಕಿದ ಪ್ರಮಾಣಪತ್ರ ಕೊಡಬೇಕು. ಮೂರರಲ್ಲಿ ಒಂದೇ ಸಾಧ್ಯವೆಂದರೆ, ಕೊನೆಯದು ಸಾಕು.

ಇಷ್ಟಾದರೂ ತಮ್ಮನ್ನು ಹೊತ್ತುಕೊಂಡೇ ತಿರುಗುವ,
ತಮ್ಮ ವಿಶ್ವಾಸಿ,
ಹೊಲಿಗೆಯಂಗಡಿಯ ಯಜಮಾನಿ

ತಾ.ಕ.: ನಾದಿನಿ ಈಗ ಬೀಗದ ಕೈ ಕೇಳುವುದನ್ನು ಬಿಟ್ಟಿದ್ದಾಳೆ. “ಅತ್ತಿಗೆ, ನಾನು ಹೊಲಿದಿಟ್ಟ ಆ ಕೋಟು ನಿಮಗೆ ಹೇಗೂ ಬೇಡ, ನಂಗೆ ಕೊಡಿ, ಯಾಕೋ ಚಳಿ” ಅಂತಾಳೆ, ಇದೇ ಬಿಸಿಲಲ್ಲಿ. ಅವಳ ಕತ್ತಿನಲ್ಲಿರುವ ತಮ್ಮ ದಾಯಾದಿಗೆ ಒಂದು ಮಾತು ಮುಟ್ಟಿಸಿ: ಈ ಸಲ ಟೇಪು ನನ್ನ ಕೈಲಿದೆ.